ನೆರಳು ಬೀಳದ ಬೆಳಕು

ಮೋಡ ಕವಿದ ದಿನ ಫೋನ್ ಮಾಡಿ, "ಇವತ್ತ ಬ್ಯಾಡ್ರಿ, ಬಿಸಲಿಲ್ಲ, ಫೋಟೋ ಚಲೋ ಬರೂದಿಲ್ಲ" ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇಪ್ಪತ್ತೆರಡು ವರ್ಷದಿಂದ ಇಂಡಿ ಪೇಟೆಯಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ಫೋಟೋದ ಅಮೋಘಸಿದ್ಧ ಎಲ್ಲಿ ಎಂದು ಕೇಳಿದರೆ ಬಸ್ ಸ್ಟ್ಯಾಂಡಿನ ಬಾಳೆಹಣ್ಣಿನವನೂ ಕೈ ಮಾಡಿ ತೋರಿಸುತ್ತಾನೆ. ಆದರೂ ಬೆಳಕಿನ ಪಾಠ ನನಗೇ ಹೇಳಲು ಬರುತ್ತಾರೆ. ನಮ್ಮ ಕಡೆಯ ಬಿಸಿಲಿನಲ್ಲಿ ಹನ್ನೊಂದು ಗಂಟೆಗೆ ಒಬ್ಬಳನ್ನು ನಿಲ್ಲಿಸಿ ತೆಗೆದರೆ ಹಣೆ ಬೆಳ್ಳಗೆ ಸುಟ್ಟಿರುತ್ತದೆ, ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಗುಂಡಿ, ಮೂಗಿನ ನೆರಳು ತುಟಿಯ ಮೇಲೆ ಮೀಸೆಯಾಗಿ ಕೂತಿರುತ್ತದೆ. ಮದುಮಗಳಿಗೆ ಮೀಸೆ ಬಂದರೂ ಅಡ್ಡಿಯಿಲ್ಲ, ಇವರಿಗೆ ಬಿಸಿಲೇ ಬೇಕು.

ಮೋಡದ ಬೆಳಕಿನ ಬೆಲೆ ನನಗೆ ಕಲಿಸಿದವರು ಸಿಂದಗಿಯ ಮುರ್ತುಜಾಸಾಬರು. ರೋಲಿನ ಕ್ಯಾಮೆರಾದ ಕಾಲದವರು. ಮೋಡ ಬಂದ ದಿನ ಅವರು ಗಿರಾಕಿಗಳನ್ನು ಒಳಗೆ ಕರೆಯುತ್ತಿರಲಿಲ್ಲ, ಅಂಗಡಿಯ ಮುಂದೆ ಸ್ಟೂಲು ಹಾಕಿ ಅಲ್ಲೇ ಕೂರಿಸುತ್ತಿದ್ದರು. ಬಿಸಿಲಿನ ನೆರಳಿಗೆ ಅಂಚು ಇರುತ್ತದೆ, ಮೋಡದ ನೆರಳಿಗೆ ಅಂಚೇ ಇರುವುದಿಲ್ಲ ಎಂದು ನಾನು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಹೇಳಿಕೊಟ್ಟಿದ್ದರು. ಆರು ವರ್ಷ ಅವರ ಕೈಕೆಳಗಿದ್ದೆ. ಉಳಿದದ್ದೆಲ್ಲ ನಾನೇ ಮಾಡಿ ಮಾಡಿ ಕಲಿತದ್ದು.

ಮೋಡದ ದಿನ ಆಕಾಶವನ್ನು ಫೋಟೋದೊಳಗೆ ಬಿಡಬಾರದು. ಅದು ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗೆ ಬಂದು ಮುಖವನ್ನು ನುಂಗುತ್ತದೆ. ಹಿಂದೆ ಬಾಗಿಲು, ಜೋಳದ ಕಣಕಿಯ ಬಣವೆ, ಲಿಂಬೆ ಗಿಡ, ಏನಾದರೊಂದು ಇರಬೇಕು. ಮೋಡದ ಬೆಳಕಿಗೆ ನೀಲಿ ಛಾಯೆ ಇರುತ್ತದೆ, ಮೈಬಣ್ಣ ಬೂದಿ ಹಿಡಿದ ಹಾಗೆ ಕಾಣುತ್ತದೆ, ಅದಕ್ಕೆ ಕ್ಯಾಮೆರಾದಲ್ಲೇ ಒಂದಿಷ್ಟು ಕೆಂಪು ಹಳದಿ ಕೂಡಿಸಬೇಕು. ಬೆಳಕು ಮೇಲಿನಿಂದಲೇ ಬರುವುದರಿಂದ ಕಣ್ಣಿನ ಕೆಳಗೆ, ಗದ್ದದ ಕೆಳಗೆ ತುಸು ಮಬ್ಬು ಉಳಿಯುತ್ತದೆ. ಆಗ ಮುಖದ ಕೆಳಗೆ, ಫೋಟೋದಲ್ಲಿ ಬಾರದ ಹಾಗೆ, ಒಂದು ಬಿಳಿ ಬಟ್ಟೆ ಅಗಲಿಸಿ ಹಿಡಿಸಬೇಕು. ಮೇಲಿನ ಬೆಳಕು ಬಟ್ಟೆಗೆ ಬಡಿದು ತಿರುಗಿ ಮುಖಕ್ಕೆ ಬರುತ್ತದೆ, ಇದ್ದ ಮಬ್ಬೂ ಹೋಗುತ್ತದೆ. ನಾನು ಬಳಸುವುದು ಹಳೆಯ ಧೋತರ. ನನ್ನ ಅಪ್ಪ ಉಡುತ್ತಿದ್ದದ್ದು. ನಾಲ್ಕು ಮಡಿಕೆ ಮಾಡಿ ಬ್ಯಾಗಿನಲ್ಲಿಟ್ಟುಕೊಂಡಿರುತ್ತೇನೆ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಈ ಕೆಲಸ ನನಗೆ ಗೊತ್ತಿತ್ತು ಎಂದು ಮೊದಲೇ ನಿಮಗೆ ತಿಳಿದಿರಲಿ. ಗೊತ್ತಿಲ್ಲದೆ ಆಯಿತು ಎಂದು ನನ್ನ ಪರವಾಗಿ ಯಾರೂ ಹೇಳಬೇಕಿಲ್ಲ.

ಹೋದ ವರ್ಷ ಶ್ರಾವಣದ ಎರಡನೆಯ ವಾರ. ನಾಲ್ಕು ದಿನದಿಂದ ಸೂರ್ಯನ ಮುಖ ಕಂಡಿರಲಿಲ್ಲ. ಬೆಳಿಗ್ಗೆ ಹತ್ತಕ್ಕೆ ದುಂಡೇಶ ಫೋನ್ ಮಾಡಿದ. ಹತ್ತನೆಯ ಇಯತ್ತೆಯವರೆಗೆ ನಾವಿಬ್ಬರೂ ಒಂದೇ ಬೆಂಚಿನವರು. ಭೀಮಾ ದಂಡೆಯ ಅವನ ಊರಿನಲ್ಲಿ ಅವನ ಮಾತೇ ಕೊನೆಯ ಮಾತು. ಊರ ಹೆಸರು ಇಲ್ಲಿ ಬೇಡ. ಅವನ ತಮ್ಮ ಕಾಂತುವಿನ ಹೆಂಡತಿ ಸುನೀತಾ ತೀರಿಕೊಂಡಳಂತೆ. ನಸುಕಿನಲ್ಲಿ ಎದೆ ಹಿಡಿದುಕೊಂಡು ಕೂತವಳು ಹಾಗೇ ಹೋದಳಂತೆ. ಇಪ್ಪತ್ತನಾಲ್ಕು ವರ್ಷ. ಸಂಜೆ ಐದಕ್ಕೆ ಹೊಲದಲ್ಲಿ ಮಣ್ಣು, ಅಷ್ಟರೊಳಗೆ ಬಂದು ಫೋಟೋ ತೆಗೆದುಕೊಡು ಎಂದ.

ನಮ್ಮ ಕಡೆ ಸತ್ತವರನ್ನು ಮಲಗಿಸಿ ಕಳಿಸುವುದಿಲ್ಲ. ಸ್ನಾನ ಮಾಡಿಸಿ, ಹೊಸ ಬಟ್ಟೆ ಉಡಿಸಿ, ಹಣೆಗೆ ವಿಭೂತಿ ಹಚ್ಚಿ, ಕುರ್ಚಿಯಲ್ಲಿ ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಭಜನೆಯವರು ತಾಳ ಬಡಿಯುತ್ತಾ ಹಾಡುತ್ತಾರೆ. ಮಣ್ಣಿಗೆ ಒಯ್ಯುವ ಮೊದಲು ಮನೆಯವರೆಲ್ಲ ಕುರ್ಚಿಯ ಹಿಂದೆ ಸಾಲಾಗಿ ನಿಂತು ಫೋಟೋ ತೆಗೆಸುತ್ತಾರೆ. ಆಮೇಲೆ ಅದೇ ಫೋಟೋ ಕಟ್ಟು ಹಾಕಿಸಿಕೊಂಡು ಪಡಸಾಲೆಯ ಗೋಡೆಗೆ ಬರುತ್ತದೆ. ಎಷ್ಟೋ ಹೆಂಗಸರಿಗೆ ಮದುವೆಯ ಫೋಟೋ ಬಿಟ್ಟರೆ ಅದೊಂದೇ ಫೋಟೋ. ಹೆಣದ ಫೋಟೋಕ್ಕೆ ಹೋಗಲು ಈಗಿನ ಹುಡುಗರು ಮುಖ ತಿರುಗಿಸುತ್ತಾರೆ, ನಾನು ಹೋಗುತ್ತೇನೆ. ಕೊನೆಯ ಸಲವಾದರೂ ಚಂದ ಕಾಣಲಿ ಎಂಬ ಹಟ ನನಗೆ.

ನಾನು ಹೋಗುವಷ್ಟರಲ್ಲಿ ಒಂದು ಗಂಟೆಯಾಗಿತ್ತು. ಅಂಗಳದ ಮೇಲೆ ಮಳೆಗೆಂದು ನೀಲಿ ತಾಡಪತ್ರಿ ಕಟ್ಟಿದ್ದರು. ಅದರ ಕೆಳಗೆ ಸತ್ತವಳಷ್ಟೇ ಅಲ್ಲ, ಬದುಕಿದ್ದವರೂ ನೀಲಿಯಾಗಿದ್ದರು. ಮೊದಲು ಅದನ್ನು ಬಿಚ್ಚಿ ಎಂದೆ. ಮಳೆ ಬಂದರೆ ಎಂದು ಯಾರೋ ಗೊಣಗಿದರು. ಬಂದರೆ ತೊಯ್ಯೋಣ ಎಂದು ರೇಗಿದೆ. ಕುರ್ಚಿಯನ್ನು ತಲೆಬಾಗಿಲ ಮುಂದೆ ಇಡಿಸಿದೆ, ಹಿಂದೆ ಕಟ್ಟಿಗೆಯ ಬಾಗಿಲ ಬಣ್ಣ ಬರಲಿ, ಆಕಾಶ ಬಾರದಿರಲಿ ಎಂದು. ಮನೆಯವರನ್ನು, ನೆರೆದವರನ್ನೆಲ್ಲ ಕುರ್ಚಿಯ ಹಿಂದೆ ನಿಲ್ಲಿಸಿದೆ. ಇಬ್ಬರು ಹುಡುಗರು ಮೊಬೈಲ್ ಎತ್ತಿದರು, ನಾನಿರುವಾಗ ಮೊಬೈಲ್ ಎತ್ತಿದರೆ ನಾನು ಮನೆಗೆ ಹೋಗುತ್ತೇನೆ ಎಂದು ಕೆಳಗಿಳಿಸಿ, ಅವರನ್ನೂ ಕುರ್ಚಿಯ ಹಿಂದೆ ಕಳಿಸಿದೆ. ಅದು ನನ್ನ ಯಾವತ್ತಿನ ಸ್ವಭಾವ. ಆ ಹುಡುಗರಿಗೆ ತೆಗೆಯಲು ಬಿಟ್ಟಿದ್ದರೆ ಎಂದು ಈಗ ಎಷ್ಟು ಸಲ ಅಂದುಕೊಂಡಿದ್ದೇನೋ ಲೆಕ್ಕವಿಲ್ಲ.

ಸುನೀತಾಳ ಮೈಮೇಲೆ ಹಸಿರು ಇಳಕಲ್ ಸೀರೆ. ಸೆರಗನ್ನು ಕೊರಳಿಗೆ ಒಂದು ಸುತ್ತು ಸುತ್ತಿ ಮುಂದೆ ಇಳಿಬಿಟ್ಟಿದ್ದರು, ಅದರ ಮೇಲೆ ಐದಾರು ಹಾರ. ಗದ್ದವೇ ಕಾಣುತ್ತಿರಲಿಲ್ಲ. ಕೊರಳು ಮುಚ್ಚಿದರೆ ಮುಖ ಹೆಗಲ ಮೇಲೆ ತಂದಿಟ್ಟ ಹಾಗೆ ಕಾಣುತ್ತದೆ, ಚಿತ್ರ ಕೆಡುತ್ತದೆ. ಹಾರಗಳನ್ನು ಕೆಳಗೆ ಸರಿಸಿದೆ. ಸೆರಗಿನ ಸುತ್ತನ್ನೂ ಸಡಿಲಿಸಿ ನಾಲ್ಕು ಬೆರಳು ಕೆಳಗಿಳಿಸಿದೆ, ಗದ್ದದ ಕೆಳಗಿನ ಮಬ್ಬಿನಲ್ಲಿ ಆಗ ನನಗೇನೂ ಕಾಣಲಿಲ್ಲ. ಹಿಂದೆ ನಿಂತವರಿಗೆ ಬಗ್ಗಿದ ನನ್ನ ತಲೆಯೂ ಆಕೆಯ ತುರುಬೂ ಬಿಟ್ಟು ಬೇರೇನೂ ಕಾಣುವಂತಿರಲಿಲ್ಲ.

ಕುರ್ಚಿಯ ಕಾಲ ಹತ್ತಿರ ಒಬ್ಬ ಹೆಂಗಸು ಕೂತಿದ್ದಳು. ಐವತ್ತರ ಆಸುಪಾಸು, ಬಸ್ಸಿನ ಧೂಳು ಇನ್ನೂ ಮೈಮೇಲಿತ್ತು. ಅಳುತ್ತಿರಲಿಲ್ಲ, ಆದ್ದರಿಂದ ದೂರದ ಬಳಗದವಳಿರಬೇಕು ಎಂದುಕೊಂಡೆ. ಆಕೆ ನನ್ನ ಕ್ಯಾಮೆರಾ ನೋಡಿ, ಆಮೇಲೆ ಮೇಲೆ ಮೋಡ ನೋಡಿ, "ಮಾರಿ ಕಪ್ಪ ಬರ್ತೈತೇನ್ರಿ ಅಣ್ಣಾರ?" ಎಂದು ಸತ್ತವಳ ಮುಖ ತೋರಿಸಿ ಕೇಳಿದಳು.

"ಮೋಡ ಇದ್ದದ್ದ ಚಲೋ ಆತು. ಮೋಡದಾಗ ನೆರಳ ಬೀಳೂದಿಲ್ಲ. ಒಂದೀಟ ಮಬ್ಬ ಇರ್ತೈತಿ, ಅದೂ ಹೋಗ್ಲಿ, ಈ ಧೋತರ ಹಿಡೀರಿ" ಎಂದು ಬ್ಯಾಗಿನಿಂದ ತೆಗೆದು ಆಕೆಯ ಕೈಗೇ ಕೊಟ್ಟೆ. ಹತ್ತಿರವಿದ್ದವಳು ಆಕೆ ಒಬ್ಬಳೇ. ಸತ್ತವಳ ಮೊಣಕಾಲ ಮುಂದೆ ಕೂತು, ಎರಡೂ ಕೈಯಿಂದ ಅಗಲಿಸಿ ಹಿಡಿದು, ತಲೆ ಬಗ್ಗಿಸಿರಬೇಕು, ಮೇಲೆ ನೋಡಿದರೆ ನಿಮ್ಮ ತಲೆ ಫೋಟೋದಲ್ಲಿ ಬರುತ್ತದೆ ಎಂದು ಹೇಳಿದೆ.

"ಕೈ ನಡಗತಾವ್ರಿ" ಎಂದಳು.

ಮೊಣಕೈಯನ್ನು ತೊಡೆಗೆ ಊರಿಕೊಳ್ಳಿ ಎಂದು ಗದರಿಸಿದೆ. ಊರಿಕೊಂಡಳು. ತಲೆ ಬಗ್ಗಿಸಿದಳು. ಆಮೇಲೆ ಅಲುಗಲಿಲ್ಲ. ಹನ್ನೊಂದು ಫೋಟೋ ತೆಗೆದೆ, ಹತ್ತು ನಿಮಿಷ ಹಿಡಿಯಿತು, ಆ ಬಟ್ಟೆಯ ಒಂದು ಚುಂಗೂ ಇಳಿಯಲಿಲ್ಲ. ನನ್ನ ಸ್ಟುಡಿಯೋದಲ್ಲಿ ಸಂಬಳ ತೆಗೆದುಕೊಂಡು ಹಿಡಿದವರೂ ಅಷ್ಟು ಚೆನ್ನಾಗಿ ಹಿಡಿದಿರಲಿಲ್ಲ. ಧೋತರದ ಬೆಳಕು ಗದ್ದದ ಕೆಳಗೆ ಹಾಲು ಚೆಲ್ಲಿದ ಹಾಗೆ ಹರಡಿತು. ಮಬ್ಬೆಲ್ಲ ಹೋಗಿ ಕೊರಳು ಸ್ಪಷ್ಟವಾಯಿತು. ಆಗ ಲೆನ್ಸಿನೊಳಗೆ ಬಲಗಿವಿಯ ಕೆಳಗೆ ಏನೋ ಗೆರೆ ಕಂಡಿತು. ಆಮೇಲೆ ಕಂಪ್ಯೂಟರಿನಲ್ಲಿ ತೆಗೆದರಾಯಿತು ಎಂದುಕೊಂಡು ಮುಂದಿನದನ್ನು ಒತ್ತಿದೆ. ಮೂವತ್ತು ಮಂದಿ ನಿಂತಿದ್ದ ಆ ಅಂಗಳದಲ್ಲಿ ಸುನೀತಾಳ ಎದುರಿಗಿದ್ದವನು ನಾನೊಬ್ಬನೇ.

ಮುಗಿಯಿತು ಎಂದು ನಾನು ಹೇಳಿದ ಕೂಡಲೇ ದುಂಡೇಶ ಹಿಂದಿನಿಂದ ಬಂದು ಸೆರಗನ್ನು ಮತ್ತೆ ಮೊದಲಿನ ಹಾಗೆ ಕೊರಳಿಗೆ ಸುತ್ತಿದ. ತಾನೇ ಸುತ್ತಿದ, ಹೆಂಗಸರಿಗೆ ಹೇಳಲಿಲ್ಲ. ತಮ್ಮನ ಹೆಂಡತಿಯನ್ನು ಬದುಕಿದ್ದಾಗ ಭಾವನಾದವನು ಮುಟ್ಟುವುದಿಲ್ಲ, ಸತ್ತ ಮೇಲೂ ಮುಟ್ಟುವುದಿಲ್ಲ. ಅದು ನನಗೆ ಅಲ್ಲೇ ವಿಚಿತ್ರ ಎನಿಸಿತು. ಹೊರಗೆ ಬೈಕಿನ ಹತ್ತಿರ ಬಂದಾಗ, ಧೋತರ ಹಿಡಿದ ಆ ಹೆಂಗಸು ಯಾರು ಎಂದು ಭಜನೆಯವನೊಬ್ಬನನ್ನು ಕೇಳಿದೆ. ರೇವವ್ವ, ಸುನೀತಾಳನ್ನು ಹಡೆದವಳು, ಸಿಂದಗಿ ಕಡೆಯಿಂದ ಈಗಷ್ಟೇ ಬಂದಳು ಎಂದ. ನನಗೆ ನಾಚಿಕೆಯಾಯಿತು. ಮಗಳ ಮುಖ ನೋಡಬೇಕಾದ ಹೊತ್ತಿನಲ್ಲಿ ಆಕೆಯ ತಲೆ ಬಗ್ಗಿಸಿ ಕೂರಿಸಿದ್ದೆ.

ಸ್ಟುಡಿಯೋಕ್ಕೆ ಬಂದು ಕಾರ್ಡು ಕಂಪ್ಯೂಟರಿಗೆ ಹಾಕಿದಾಗ ಮೂರೂವರೆ. ನಾಲ್ಕನೆಯ ಫೋಟೋ ಎಲ್ಲಕ್ಕಿಂತ ಚೆನ್ನಾಗಿತ್ತು. ಅದನ್ನು ದೊಡ್ಡದು ಮಾಡಿದೆ. ಗೆರೆ ಬಲಗಿವಿಯ ಹಿಂದಿನಿಂದ ಹೊರಟು ಗದ್ದದ ಕೆಳಗೆ ಹೋಗಿತ್ತು. ಬೆರಳಿನಷ್ಟು ಅಗಲ, ಕಂದು ಮಿಶ್ರಿತ ನೇರಳೆ ಬಣ್ಣ. ಎರಡೂ ಕಡೆ ಅಂಚು ಇತ್ತು. ಒಂದು ಕಡೆಯಂತೂ ಹಗ್ಗದ ಹುರಿಯ ಓರೆ ಗುರುತು ಚರ್ಮದಲ್ಲಿ ಹಾಗೇ ಒತ್ತಿಕೊಂಡಿತ್ತು. ಮೋಡದ ದಿನ ಅಂಚಿರುವ ನೆರಳು ಬೀಳುವುದಿಲ್ಲ. ಬಿಳಿ ಬಟ್ಟೆಯ ಬೆಳಕು ಕೆಳಗಿನಿಂದ ಬರುವಾಗ ಗದ್ದದ ಕೆಳಗೆ ಯಾವ ನೆರಳೂ ನಿಲ್ಲುವುದಿಲ್ಲ. ಇದನ್ನು ನೋಡಿ ನೆರಳು ಎನ್ನಲು ಕಣ್ಣಿಲ್ಲದವನಾಗಿರಬೇಕು, ಇಲ್ಲ ಕಣ್ಣು ಮುಚ್ಚಿಕೊಂಡವನಾಗಿರಬೇಕು.

ಗಡಿಯಾರ ನೋಡಿದೆ. ನಾಲ್ಕಕ್ಕೆ ಹತ್ತು ನಿಮಿಷ. ಮಣ್ಣು ಐದಕ್ಕೆ. ಫೋನು ಕೈ ಪಕ್ಕದಲ್ಲೇ ಇತ್ತು, ಪೊಲೀಸರ ನೂರಾ ಹನ್ನೆರಡು ಒತ್ತಿದರೆ ಸಾಕಿತ್ತು, ಹೆಸರು ಹೇಳಬೇಕೆಂದೂ ಇರಲಿಲ್ಲ. ಎದ್ದು ಬಾಗಿಲವರೆಗೆ ಹೋದೆ. ತಿರುಗಿ ಬಂದೆ. ದುಂಡೇಶನಿಗೆ ಗೊತ್ತಾಗದೆ ಇರುವುದಿಲ್ಲ ಎನಿಸಿತು, ಎದುರಿಗಿದ್ದವನು ನಾನೊಬ್ಬನೇ. ನನಗೂ ಮನೆ ಇದೆ, ಆ ದಾರಿಯಲ್ಲಿ ದಿನಾ ಓಡಾಡುವವನು ಎನಿಸಿತು. ಆಕೆ ಹೇಗೂ ಹೋದಳು, ಇನ್ನು ಹೆಣ ಕೊಯ್ಯಿಸಿ ಏನಾಗಬೇಕು ಎಂದೂ ಎನಿಸಿತು. ಹೆದರಿದವನಿಗೆ ಕಾರಣಗಳಿಗೆ ಬರವಿಲ್ಲ. ಹೆದರಿದೆ ಎಂದು ಈಗ ನೇರವಾಗಿ ಹೇಳುತ್ತೇನೆ, ಆವತ್ತು ಅದಕ್ಕೆ ಬೇರೆ ಬೇರೆ ಹೆಸರಿಟ್ಟುಕೊಂಡಿದ್ದೆ.

ಆಮೇಲೆ ಕೂತು ಕೆಲಸ ಮಾಡಿದೆ. ಗೆರೆಯ ಅಕ್ಕಪಕ್ಕದ ಒಳ್ಳೆಯ ಚರ್ಮವನ್ನು ಚೂರು ಚೂರೇ ತೆಗೆದು ಅದರ ಮೇಲೆ ಕೂರಿಸಿದೆ. ಇಪ್ಪತ್ತು ನಿಮಿಷದಲ್ಲಿ ಅಲ್ಲಿ ಏನೂ ಇರಲಿಲ್ಲ. ನೀಲಿ ಛಾಯೆ ಇಳಿಸಿದೆ, ಕೆಂಪು ಏರಿಸಿದೆ, ಕೆನ್ನೆಗೆ ಜೀವ ಬಂತು. ತುಟಿಗೆ ತುಸು ಬಣ್ಣ, ಸೀರೆಯ ಹಸಿರು ಇನ್ನಷ್ಟು ಹಸಿರು, ಬಾಗಿಲ ಕಟ್ಟಿಗೆಯ ಮೇಲೆ ಸಂಜೆಯ ಬಿಸಿಲು ಬಿದ್ದ ಹಾಗೊಂದು ಹೊಳಪು. ನನ್ನ ಕೈಯಿಂದ ಅಷ್ಟು ಒಳ್ಳೆಯ ಕೆಲಸ ಬಹಳ ದಿನದಿಂದ ಆಗಿರಲಿಲ್ಲ. ನನ್ನ ಪದ್ಧತಿಯೆಂದರೆ ಮೂಲ ಫೋಟೋ ಬೇರೆ ಇಡುವುದಿಲ್ಲ, ಕಂಪ್ಯೂಟರಿನಲ್ಲಿ ಜಾಗ ಸಾಲುವುದಿಲ್ಲ, ಸರಿಮಾಡಿದ್ದನ್ನು ಅದರ ಮೇಲೆಯೇ ಉಳಿಸುತ್ತೇನೆ. ಹಾಗೇ ಉಳಿಸಿದೆ. ಉಳಿದ ಹತ್ತನ್ನು ಅಳಿಸಿದೆ. ಕಾರ್ಡನ್ನು ಖಾಲಿ ಮಾಡಿದೆ, ಮರುದಿನ ಒಂದು ಸೀಮಂತ ಇತ್ತು.

ಒಂಬತ್ತನೆಯ ದಿನಕ್ಕೆ ರೇವವ್ವ ತನ್ನ ಪಾಲಿನ ಫೋಟೋ ಒಯ್ಯಲು ಬಂದಳು. ಕಟ್ಟು ಹಾಕಿದ ಫೋಟೋವನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಮದುವೆಯ ದಿನ ಹೀಗೇ ಇದ್ದಳು ಎಂದಳು. ನನ್ನ ಕೈಗೆ ಒಳ್ಳೆಯದಾಗಲಿ ಎಂದು ಹರಸಿ, ಸೆರಗಿನಲ್ಲಿ ಸುತ್ತಿಕೊಂಡು ಬಸ್ಸಿಗೆ ಹೋದಳು.

ಸಂಕ್ರಾಂತಿ ಮುಗಿದ ವಾರ ಆಕೆ ಮತ್ತೆ ಬಂದಳು. ಈ ಸಲ ಕೂರಲಿಲ್ಲ. ಸುನೀತಾಳಿಗೆ ಸ್ನಾನ ಮಾಡಿಸಿದ ಹೆಂಗಸು ಸಂತೆಯಲ್ಲಿ ಸಿಕ್ಕಿದ್ದಳಂತೆ. ಕೊರಳಲ್ಲಿ ಹಗ್ಗದ ಗುರುತು ಇತ್ತು ಎಂದು ಕಿವಿಯಲ್ಲಿ ಹೇಳಿ, ನಾನು ಹೇಳಿದೆನೆಂದು ಎಲ್ಲಿಯೂ ಹೇಳಬೇಡ, ನಾನು ಅದೇ ಓಣಿಯಲ್ಲಿ ಬಾಳಬೇಕು ಎಂದು ಅತ್ತಳಂತೆ. ರೇವವ್ವ ಠಾಣೆಗೆ ಹೋಗಿ ಅರ್ಜಿ ಕೊಟ್ಟಿದ್ದಳು. ಹೂತ ಕುಣಿ ತೆರೆಸಬೇಕಾದರೆ ಏನಾದರೂ ಆಧಾರ ಬೇಕು ಎಂದು ಅಲ್ಲಿಯವರು ಹೇಳಿದ್ದರು. ದುಂಡೇಶನ ಮನೆಯವರು ಅಲ್ಲಿಗೆ ಒಯ್ದು ತೋರಿಸಿದ ಆಧಾರವೆಂದರೆ ನಾನೇ ಮಾಡಿಕೊಟ್ಟ ಫೋಟೋ. ನೋಡಿ ಸಾಹೇಬರೇ, ಕೊರಳು ತೆರೆದೇ ಇದೆ, ಎಲ್ಲಿದೆ ಗುರುತು ಎಂದರಂತೆ.

ಬಣ್ಣ ಹಚ್ಚುವ ಮೊದಲಿನ ಫೋಟೋ ಕೊಡಿ ಎಂದು ರೇವವ್ವ ಕೇಳಿದಳು. ಅದು ಈಗಿಲ್ಲ ಎಂದೆ. ಆ ಮಾತು ನಿಜವೇ ಆಗಿತ್ತು, ಆದರೂ ಹೇಳುವಾಗ ಆಕೆಯ ಮುಖ ನೋಡಲಿಲ್ಲ.

"ಫೋಟೋ ಹೋದ್ರ ಹೋಗ್ಲಿ ಅಣ್ಣಾರ. ನೀವು ಕಣ್ಲೆ ನೋಡೀರಲ್ಲ. ಏನ ನೋಡೀರಿ ಅದನ್ನಷ್ಟ ಬಂದು ಹೇಳ್ರಿ. ನಾ ಬ್ಯಾರೆ ಏನೂ ಕೇಳೂದಿಲ್ಲ."

ಬರುತ್ತೇನೆ ಎಂದೆ. ಆಕೆಯನ್ನು ಕಳಿಸಲು ಹೇಳಿದೆನೋ, ನಿಜಕ್ಕೂ ಹೇಳುವ ಮನಸ್ಸಿತ್ತೋ, ಈಗ ನನಗೇ ತಿಳಿಯುವುದಿಲ್ಲ. ಎರಡು ದಿನ ಹೇಳಿಬಿಡುತ್ತೇನೆ ಎಂದೇ ಓಡಾಡಿದೆ. ಕನ್ನಡಿಯ ಮುಂದೆ ನಿಂತು ಹೇಳಿಯೂ ನೋಡಿದೆ.

ಮೂರನೆಯ ದಿನ ದುಂಡೇಶ ಸ್ಟುಡಿಯೋಕ್ಕೆ ಬಂದ. ಹೊಸ ಫೋಟೋಗಳನ್ನೆಲ್ಲ ನೋಡಿದ, ಚಹಾ ತರಿಸಿ ಕುಡಿದ, ನಮ್ಮ ಗಣಿತದ ಮಾಸ್ತರರನ್ನು ನೆನೆದು ನಕ್ಕ. ಏಳುವಾಗ ಲೋಟ ಕೆಳಗಿಟ್ಟು ನನ್ನ ಹೆಗಲ ಮೇಲೆ ಕೈಯಿಟ್ಟ.

"ನೀ ನೆರಳ ಅಂದಿಯಂದ್ರ ಅದು ನೆರಳ, ಅಮೋಗ್ಯಾ. ಗುರುತ ಕಂಡಿತ್ತು ಅಂದಿಯಂದ್ರ, ಅದನ್ನ ಅಳಿಸಿದಾಂವ ನೀನ. ಪೊಲೀಸ್ರು ಮದಲ ಯಾರನ್ನ ಒಯ್ತಾರ, ವಿಚಾರ ಮಾಡು."

ಸಿಟ್ಟಾಗಲಿಲ್ಲ ಅವನು, ದನಿ ಏರಿಸಲೂ ಇಲ್ಲ. ಅವನ ಮಾತಿನಲ್ಲಿ ಸುಳ್ಳೂ ಇರಲಿಲ್ಲ. ಗೆರೆಯನ್ನು ನೋಡಿದೆ ಎಂದರೆ, ನೋಡಿ ಮಣ್ಣಾಗುವವರೆಗೆ ಸುಮ್ಮನೆ ಕೂತೆ ಎಂದೂ ಹೇಳಬೇಕು. ನೋಡಿಯೇ ಇಲ್ಲ ಎನ್ನುವಂತಿಲ್ಲ, ಅಷ್ಟು ದೊಡ್ಡ ಗೆರೆಯನ್ನು ಒರೆಸಿದವನು ನೋಡದೆ ಒರೆಸಲು ಸಾಧ್ಯವಿಲ್ಲ. ನನಗೆ ಉಳಿದದ್ದು ಅವನು ಕೊಟ್ಟ ಒಂದೇ ಪದ. ಜಗತ್ತಿನ ಬೇರೆ ಯಾವ ಫೋಟೋದವನು ಬೇಕಾದರೂ ಆ ಪದ ಹೇಳಬಹುದಿತ್ತು, ಮುರ್ತುಜಾಸಾಬರ ಕೈಯಲ್ಲಿ ಕಲಿತ ನಾನು ಹೇಳುವಂತಿರಲಿಲ್ಲ.

ಗುರುವಾರ ಠಾಣೆಗೆ ಕರೆದರು. ಮೇಜಿನ ಆಚೆ ಒಬ್ಬ ಎ.ಎಸ್.ಐ., ನಿವೃತ್ತಿಗೆ ಹತ್ತಿರವಾದ ಮನುಷ್ಯ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಬರೆಯುತ್ತಿದ್ದರು. ಗೋಡೆಗೆ ಒರಗಿಸಿದ ಬೆಂಚಿನಲ್ಲಿ ದುಂಡೇಶ, ಅವನ ಪಕ್ಕ ಗಡ್ಡ ಬಿಟ್ಟ ಕಾಂತು, ಕಾಂತು ನೆಲ ಬಿಟ್ಟು ಬೇರೆ ನೋಡಲಿಲ್ಲ. ಈಚೆಗೆ ರೇವವ್ವ ಒಬ್ಬಳೇ ನಿಂತಿದ್ದಳು. ಮೇಜಿನ ಮೇಲೆ ನನ್ನ ಫೋಟೋ ಇತ್ತು. ಆ ಕತ್ತಲ ಕೋಣೆಯಲ್ಲಿ ಅದರ ಬಣ್ಣ ಇನ್ನೂ ಚೆನ್ನಾಗಿ ಕಾಣುತ್ತಿತ್ತು.

ಎ.ಎಸ್.ಐ. ಒಳ್ಳೆಯವರೇ. ನೋಡಿ, ಕುಣಿ ತೆರೆಸುವುದು ಸಣ್ಣ ಮಾತಲ್ಲ, ನೀವು ಗುರುತು ಕಂಡೆ ಎಂದು ಹೇಳಿದರೆ ಇವತ್ತೇ ಮೇಲಿನವರಿಗೆ ಬರೆಯುತ್ತೇನೆ, ಇಲ್ಲವೆಂದರೆ ಈ ಅರ್ಜಿ ಇಲ್ಲಿಗೆ ಮುಗಿಯುತ್ತದೆ ಎಂದು ಮೊದಲೇ ಬಿಡಿಸಿ ಹೇಳಿದರು. ಆಮೇಲೆ ಫೋಟೋ ನೀವೇ ತೆಗೆದದ್ದೋ ಎಂದು ಕೇಳಿದರು. ಹೌದು ಎಂದೆ. ತೆಗೆದ ಮೇಲೆ ಕೈ ಆಡಿಸಿದ್ದೀರೋ ಎಂದರು. ಹೌದು, ಎಲ್ಲರದಕ್ಕೂ ಆಡಿಸುತ್ತೇನೆ ಎಂದೆ. ಕೊರಳಿನ ಮೇಲೆ ಏನಾದರೂ ಕಂಡಿತ್ತೋ ಎಂದರು.

"ನೆರಳ ಇತ್ರಿ" ಎಂದೆ. "ಗದ್ದದ ನೆರಳ. ಅದನ್ನ ತಗದೀನಿ."

ಎ.ಎಸ್.ಐ. ಬರೆಯತೊಡಗಿದರು. ಕಾಗದದ ಮೇಲೆ ಪೆನ್ನು ಓಡುವ ಸಪ್ಪಳ ಕೇಳುತ್ತಿತ್ತು.

"ಅವತ್ತ ಮೋಡ ಇತ್ತಲ್ಲರಿ ಅಣ್ಣಾರ" ಎಂದಳು ರೇವವ್ವ. ಜಗಳದ ದನಿಯಲ್ಲ ಅದು, ಮರೆತವನಿಗೆ ನೆನಪು ಮಾಡಿಕೊಡುವ ದನಿ. "ಮೋಡದಾಗ ನೆರಳ ಬೀಳೂದಿಲ್ಲ ಅಂತ ನೀವ ಅಂದ್ರಿ. ಒಂದೀಟ ಮಬ್ಬ ಇದ್ರ ಅದೂ ಹೋಗ್ಲಿ ಅಂತ ಧೋತರ ನನ್ನ ಕೈಯಾಗ ಕೊಟ್ರಿ. ನಾ ಹಿಡದಿದ್ನಲ್ಲರಿ."

ಪೆನ್ನು ನಿಂತಿತು. ಎ.ಎಸ್.ಐ. ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಧೋತರದ ಸಂಗತಿ ಹೌದೋ ಎಂದು ಕೇಳಿದರು. ಹೌದು, ನಾನು ಸುಳ್ಳು ಹೇಳಿದೆ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಬಾಯಿ ತೆರೆದಾಗ ಅದೇ ಬರುತ್ತದೆ ಎಂದು ನಾನೂ ಅಂದುಕೊಂಡೆ.

"ಹಿಡದಿದ್ರು, ಹೌದ್ರಿ" ಎಂದೆ. "ನೆಟ್ಟಗ ಹಿಡದಿರಲಿಲ್ಲ. ಕೈ ನಡಗತಿದ್ವು. ಬೆಳಕ ಬ್ಯಾರೆ ಕಡೆ ಬಿತ್ತು, ನೆರಳ ಹಂಗ ಉಳೀತು."

ರೇವವ್ವ ತನ್ನ ಕೈಗಳನ್ನು ನೋಡಿಕೊಂಡಳು. ಅಂಗೈ ಮೇಲೆ ಮಾಡಿ ನೋಡಿದಳು, ತಿರುಗಿಸಿ ನೋಡಿದಳು. ನನ್ನ ಮೇಲೆ ಆಕೆ ಏರಿ ಬರಬೇಕಿತ್ತು. ಥೂ ಎಂದು ಉಗುಳಬೇಕಿತ್ತು.

"ನಡಗತಿದ್ವು" ಎಂದಳು ಮೆಲ್ಲಗೆ. "ಹೌದ್ರಿ ಸಾಹೇಬ್ರ. ನಾನ ಅಂದಿದ್ದೆ, ಕೈ ನಡಗತಾವಂತ."

ಎ.ಎಸ್.ಐ. ಇನ್ನೊಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ತಲೆ ತಗ್ಗಿಸಿ ಬರೆದು ಮುಗಿಸಿದರು, ಓದಿ ಹೇಳಿದರು. ನಾನು ಸಹಿ ಮಾಡಿದೆ. ಆಕೆಯ ಕಡೆಯಿಂದಲೂ ಒಂದು ಹೆಬ್ಬೆಟ್ಟು ಒತ್ತಿಸಿಕೊಂಡರು. ಕಾಂತು ಎದ್ದು ಹೊರಗೆ ಹೋಗಿ ಕಟ್ಟೆಯ ಬದಿಗೆ ಕೂತು ವಾಂತಿ ಮಾಡಿಕೊಂಡ. ದುಂಡೇಶ ಅವನ ಬೆನ್ನು ಸವರುತ್ತಾ ನಿಂತಿದ್ದ.

ಹೊರಗೆ ಕಣ್ಣು ಕುಕ್ಕುವ ಬಿಸಿಲು. ಬೇವಿನ ಮರದ ಒಂದೊಂದು ಎಲೆಯ ನೆರಳೂ ಕತ್ತರಿಸಿಟ್ಟ ಹಾಗೆ ನೆಲದ ಮೇಲಿತ್ತು. ಬೈಕಿನ ಹತ್ತಿರ ಹೋಗುವಾಗ ರೇವವ್ವ ಹಿಂದಿನಿಂದ ಕರೆದಳು. ನಿಲ್ಲದೆ ಹೋಗಿಬಿಡಬೇಕೆನಿಸಿತು, ಆದರೂ ನಿಂತೆ.

"ಅಣ್ಣಾರ, ಒಂದ ಮಾತ ಹೇಳ್ರಿ" ಎಂದಳು. "ನಾ ನೆಟ್ಟಗ ಹಿಡದಿದ್ರ, ಖರೇ ಏನಿತ್ತು ಅದು ಕಾಣತಿತ್ತಲ್ಲರಿ?"

"ಹೂಂ ಯವ್ವಾ" ಎಂದೆ. "ಕಾಣತಿತ್ತು."

ಆಕೆ ತಲೆ ಆಡಿಸಿದಳು. ಸೆರಗು ತಲೆಯ ಮೇಲೆ ಎಳೆದುಕೊಂಡು, ಸಿಂದಗಿ ಬಸ್ಸಿಗೆ ಎಷ್ಟು ಹೊತ್ತಿದೆ ಎಂದು ಚಹಾದಂಗಡಿಯವನನ್ನು ಕೇಳಿ, ರಸ್ತೆ ದಾಟಿ ಹೋದಳು.

ಆ ಫೋಟೋ ಇನ್ನೂ ನನ್ನ ಕಂಪ್ಯೂಟರಿನಲ್ಲಿದೆ. ಅಳಿಸಲು ಕೈ ಬರುವುದಿಲ್ಲ. ಹೊರಗೆ ಮೋಡ ಕಟ್ಟಿದಾಗ ತೆರೆದು ನೋಡುತ್ತೇನೆ. ಈ ಮಳೆಗಾಲದಲ್ಲಿ ಧೋತರವನ್ನು ಬ್ಯಾಗಿನಿಂದ ಹೊರಗೆ ತೆಗೆದಿಲ್ಲ, ಇವತ್ತು ಬೇಡ ಎಂದು ಫೋನ್ ಮಾಡುವವರಿಗೆ ಆಯಿತು ಎಂದುಬಿಡುತ್ತೇನೆ. ಕೊರಳಿನ ಗುರುತನ್ನು ಒರೆಸಿದವನು ನಾನು, ಕೆನ್ನೆಗೆ ಬಣ್ಣ ತುಂಬಿದವನೂ ನಾನೇ. ಆದರೆ ಕೆಳಗಿನಿಂದ ಬಂದ ಆ ಬೆಳಕನ್ನು ನಾನು ಮುಟ್ಟಿರಲಿಲ್ಲ, ಅದರಲ್ಲಿ ತಿದ್ದುವುದಕ್ಕೆ ಏನೂ ಇರಲಿಲ್ಲ. ಅದು ಗದ್ದದ ಕೆಳಗೆ ಎರಡೂ ಕಡೆ ಒಂದೇ ಸಮನಾಗಿ ಬಿದ್ದಿದೆ, ಒಂದು ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಿಲ್ಲ. ಆಕೆಯ ಕೈ ನಡುಗಿರಲಿಲ್ಲ.